ಒಣ ಬೋಗುಣಿ

ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಅವಳು ಮೀನಿನ ಹೊಟ್ಟೆ ಸವರಿ ನೋಡಿದಳು. ಮೆತ್ತಗಾಗಿತ್ತು. ಬೆರಳು ತಾಗಿದ್ದೇ ತಡ, ನಾಲ್ಕಾರು ಮೊಟ್ಟೆ ತಾವಾಗಿಯೇ ಜಾರಿ ಬಂದವು. ಇನ್ನು ತಡ ಮಾಡುವ ಹಾಗಿರಲಿಲ್ಲ.

“ನಿನಗೇನು ತಲೆ ಕೆಟ್ಟಿದೆಯೇನೇ?” ಗಂಡನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಅಲ್ಲಿ ಅವನನ್ನ ಮಲಗಿಸಿದ್ದಾರೆ, ಬಂದವರೆಲ್ಲ ನೀನೆಲ್ಲಿ ಅಂತ ಕೇಳ್ತಿದ್ದಾರೆ. ನೀನಿಲ್ಲಿ ಮೀನು ಮುದ್ದು ಮಾಡ್ತಾ ಕೂತಿದೀಯಾ!”

“ಇದಕ್ಕೆ ನಿನ್ನೆ ಸಂಜೆ ಮೊಟ್ಟೆ ಬಲಿಯೋ ಇಂಜೆಕ್ಷನ್ ಕೊಟ್ಟಿದ್ದು ಅವರೇ, ಅತ್ತಿಗೆ. ಈಗ ಮೊಟ್ಟೆ ಹಿಂಡಿ ತೆಗೀದಿದ್ರೆ ಒಳಗೇ ಕೊಳೆಯುತ್ತೆ. ತಾಯಿ ಮೀನೂ ಸಾಯುತ್ತೆ.”

“ಸಾಯ್ಲಿ ಬಿಡು. ನನ್ನ ತಮ್ಮನೇ ಹೋದ.”

ಇಂಜೆಕ್ಷನ್ ಕೊಟ್ಟು, ಗಂಡು ಮೀನೊಂದನ್ನು ಕೊಯ್ದು, ಅದರ ವೀರ್ಯವನ್ನು ಪುಟ್ಟ ಬಾಟಲಿಯಲ್ಲಿ ಫ್ರಿಜ್ಜಿಗಿಟ್ಟು, ಕೈ ತೊಳೆದು ಊಟಕ್ಕೆ ಕೂತವನು ತುತ್ತು ಎತ್ತುವ ಮೊದಲೇ ಪಕ್ಕಕ್ಕೆ ವಾಲಿದ್ದ. ಅಷ್ಟೇ. ಆಗಿನಿಂದ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಜನ ಬಂದು ಅಪ್ಪಿಕೊಂಡರೆ ಬೇರೆ ಯಾರನ್ನೋ ಅಪ್ಪಿಕೊಂಡ ಹಾಗಿತ್ತು. ಅಳು ಬರಲೊಲ್ಲದು ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಒಂದೇ: ಅವನು ಅರ್ಧಕ್ಕೆ ಬಿಟ್ಟುಹೋದ ಈ ಕೆಲಸ ಹಾಳಾಗಬಾರದು.

*

ಅತ್ತಿಗೆಯ ಮಗನ ಮದುವೆಯಲ್ಲೂ ಇದೇ ಕತೆ. ಫೋಟೋಗೆ ಎಲ್ಲರೂ ಸಾಲಾಗಿ ನಿಂತರೆ ಸೋದರಮಾವನೇ ನಾಪತ್ತೆ! ಹೊಸ ಸೂಟಿನಲ್ಲೇ ಮೀನಿನ ಶೆಡ್ಡಿಗೆ ಓಡಿ ಬಂದು, ಉದ್ದ ಮೀಸೆಯ ಕ್ಯಾಟ್‌ಫಿಶ್ಶನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಟ್ಟೆ ಹಿಂಡುತ್ತಿದ್ದ.

“ಅಕ್ಕ ನನ್ನನ್ನ ಹುರಿದು ಮುಕ್ತಾಳೆ,” ಎಂದು ನಕ್ಕಿದ್ದ. “ಏನ್ ಮಾಡ್ಲಿ ಹೇಳು. ಮದುಮಕ್ಕಳು ಸ್ವಲ್ಪ ಕಾಯ್ತಾರೆ. ಇವಳು ಕಾಯ್ತಾಳಾ?”

ಅವನ ಹಿಂದೆಯೇ ಓಡಿ ಬಂದಿದ್ದ ಅವಳು ಮೀನಿನ ತಲೆ ಹಿಡಿದಿದ್ದಳು. ತಲೆ ಹಿಡಿಯುವುದು ಯಾವಾಗಲೂ ಅವಳ ಪಾಲು, ಹಿಂಡುವುದು ಅವನದು. ಅದಾದ ಮೇಲೆ ಅತ್ತಿಗೆ ತಮ್ಮನ ಹತ್ತಿರ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು.

*

ಒಬ್ಬಳಿಂದ ಆಗುವ ಕೆಲಸವಲ್ಲ. ತಲೆ ಹಿಡಿದರೆ ಹೊಟ್ಟೆ ಸಿಗದು, ಹೊಟ್ಟೆ ಹಿಡಿದರೆ ಬಾಲ ಮುಖಕ್ಕೇ ಬಾರಿಸುತ್ತದೆ. ಮೀನು ಎರಡನೇ ಸಲ ಜಾರಿ ನೆಲಕ್ಕೆ ಬಿದ್ದಾಗ ಅತ್ತಿಗೆಗೆ ತಡೆಯಲಾಗಲಿಲ್ಲ. “ಅಯ್ಯೋ, ಕೊಡು ಇಲ್ಲಿ!” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

“ಥೂ, ಏನು ಲೋಳೆಯೋ!”

“ಕಿವಿರಿನ ಹಿಂದೆ ಹಿಡೀರಿ. ಮುಳ್ಳು ಚುಚ್ಚೀತು.”

ಅವಳು ಮೀನಿನ ಹೊಟ್ಟೆಯನ್ನೂ ಬೋಗುಣಿಯನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿದಳು. ಅವನು ಒತ್ತುತ್ತಿದ್ದ ಹಾಗೆಯೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕಂದು ಹಸಿರಿನ ಮೊಟ್ಟೆಗಳು ಧಾರೆಯಾಗಿ ಸುರಿದವು.

“ಇದಕ್ಕೇನಾ ಅವನು ಎದ್ದೂ ಬಿದ್ದೂ ಓಡಿ ಬರ್ತಿದ್ದದ್ದು...” ಅತ್ತಿಗೆಯ ಕಣ್ಣೀರು ಗಲ್ಲದವರೆಗೆ ಇಳಿಯಿತು.

“ಅತ್ತಿಗೆ, ಮುಖ ಆ ಕಡೆ ಮಾಡ್ಕೊಂಡು ಅಳಿ. ಒಂದು ಹನಿ ನೀರು ಬಿದ್ರೂ ಮೊಟ್ಟೆ ಕೆಡುತ್ತೆ.”

ಅತ್ತಿಗೆ ಗೋಡೆಯ ಕಡೆ ತಿರುಗಿ ಅತ್ತಳು.

ಮೀನನ್ನು ತೊಟ್ಟಿಗೆ ಬಿಟ್ಟು, ಬಾಟಲಿಯಲ್ಲಿದ್ದುದನ್ನು ಮೊಟ್ಟೆಯ ಮೇಲೆ ಸುರಿದು, ಅವಳು ಹಕ್ಕಿಯ ಗರಿಯಿಂದ ಬೆರೆಸಿದಳು. ವೀರ್ಯ ಬೆರೆತ ಮೇಲೆ ನೀರು ಬೇಕು; ಅದನ್ನೂ ಹಾಕಿದಳು. ಆಮೇಲೆ ಜೇಡಿಮಣ್ಣು ಕದಡಿದ ನೀರು ಹಾಕಿ ತಿರುವತೊಡಗಿದಳು. ಇಲ್ಲಿ ಕೈ ನಿಲ್ಲಿಸಿದರೆ ಮೊಟ್ಟೆಗಳೆಲ್ಲ ಅಂಟಿ ಮುದ್ದೆಯಾಗುತ್ತವೆ.

ಹೊರಗೆ ಶವದ ವ್ಯಾನಿನ ಡ್ರೈವರ್ ಕೂಗಿದ: “ಹೊರಡೋಣ ಅಮ್ಮಾ, ಸ್ಮಶಾನದಲ್ಲಿ ಕಾಯ್ತಿದ್ದಾರೆ. ತಡ ಮಾಡೋ ಹಾಗಿಲ್ಲ.”

ಅವಳು ಏಳಲಿಲ್ಲ. ಎದ್ದರೆ ಇದು ಹಾಳು, ಏಳದಿದ್ದರೆ ಅವನೊಬ್ಬನೇ ಹೋಗುತ್ತಾನೆ. ಕೈ ಮಾತ್ರ ತಿರುವುತ್ತಲೇ ಇತ್ತು.

ಅತ್ತಿಗೆ ಗರಿ ಕಿತ್ತುಕೊಂಡಳು. “ಎಷ್ಟು ಹೊತ್ತು ತಿರುವಬೇಕು?”

“ಅಂಟು ಬಿಡೋವರೆಗೆ. ಕಾಳುಕಾಳಾಗುತ್ತೆ, ಗೊತ್ತಾಗುತ್ತೆ. ಆದ್ರೆ ಅತ್ತಿಗೆ, ನೀವು ಕೊನೇ ಸಲ ಅವರನ್ನ...”

“ಅವನು ಹುಟ್ಟಿದಾಗಿಂದ ಅವನ ಮುಖ ನೋಡಿದ್ದೀನಿ. ಹೋಗೇ, ಕಾಯಿಸಬೇಡ ಅವನನ್ನ.”

ಅವಳು ಒದ್ದೆ ಕೈಯಲ್ಲೇ ವ್ಯಾನು ಹತ್ತಿ ಗಂಡನ ಪಕ್ಕ ಕೂತಳು. ವ್ಯಾನು ಶೆಡ್ಡಿನ ಮುಂದೆ ತಿರುಗುವಾಗ ನೆನಪಾಯಿತು: ನೀರು ಬೆರೆಸಿದ ಮೇಲೆ ಹನಿ ಬಿದ್ದರೂ ಏನೂ ಆಗುವುದಿಲ್ಲ, ಅದನ್ನು ಹೇಳಲೇ ಇಲ್ಲ. ತೆರೆದ ಬಾಗಿಲಿನೊಳಗೆ ಅತ್ತಿಗೆ ಕತ್ತನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿಕೊಂಡು, ಭುಜ ಅಲುಗುವಂತೆ ಅಳುತ್ತ, ಗರಿ ಹಿಡಿದ ಕೈಯೊಂದನ್ನೇ ಬೋಗುಣಿಯ ಮೇಲೆ ಚಾಚಿ ತಿರುವುತ್ತಿದ್ದಳು.