ತಿರುಗದ ಹಸಿರು ಬಳೆ

ಹುಲಿಹೈದರದ ದುರ್ಗಾದೇವಿಗೆ ಎಂಟು ತಿಂಗಳು ತುಂಬಿತ್ತು. ಅವಳ ಹೊಟ್ಟೆ ಎಷ್ಟು ದೊಡ್ಡದೆಂದರೆ, ಅವಳು ಓಣಿಯ ತಿರುವಿಗೆ ಬರುವ ಮೊದಲೇ ಅದು ಬಂದು ಎಲ್ಲರ ಕ್ಷೇಮ ವಿಚಾರಿಸುತ್ತಿತ್ತು. ಅವಳು ಬಿಟ್ಟ ಒಂದು ನಿಟ್ಟುಸಿರಿಗೆ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಹಾರಿ ಕನಕಗಿರಿ ಮುಟ್ಟಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಆದರೆ ಅವಳ ದಣಿವಿಗೆ ಮಾತ್ರ ಬಣ್ಣ ಹಚ್ಚುವ ಅಗತ್ಯವೇ ಇರಲಿಲ್ಲ. ಕೂತರೆ ಏಳಲಾಗದು, ಎದ್ದರೆ ನಿಲ್ಲಲಾಗದು, ಮಲಗಿದರೆ ಎದೆಯುರಿ. ಹೊಸಿಲು ದಾಟುವುದೂ ಗುಡ್ಡ ಹತ್ತಿದಂತೆ.

ಕುಬಸದ, ಅಂದರೆ ಸೀಮಂತದ, ದಿನ ಅತ್ತೆ ಫಕೀರಮ್ಮ ಸೊಸೆಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಡಿಸಿದ್ದಳು. ಹೆರಿಗೆಯಾಗುವವರೆಗೆ ಒಂದನ್ನೂ ಒಡೆಯಬಾರದು, ತೆಗೆಯಬಾರದು ಎಂದು ಕಟ್ಟಪ್ಪಣೆ. ಆಗ ಗಲಗಲ ಎನ್ನುತ್ತಿದ್ದ ಬಳೆಗಳು ಈಚೆಗೆ ಮೂಕವಾಗಿದ್ದವು.

ಆ ಬೆಳಿಗ್ಗೆ ದುರ್ಗಾದೇವಿ ರೊಟ್ಟಿ ಬಡಿಯಲು ಕೂತಳು. ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದರು. ಹಂಚಿನ ಮೇಲಿನ ಒಂದು ರೊಟ್ಟಿ ಎರಡಾಗಿ ಕಂಡಿತು.

“ಅತ್ತಿ, ತಲಿ ಭಾಳ ಸಿಡ್ಯಾಕತ್ತೈತಿ. ಕಣ್ಣು ಮಂಜ ಆಗ್ಯಾವ.”

“ತುಂಬಿದ ಬಸರಿ, ಮತ್ತ ಹೂವಿನ್ಹಂಗ ಇರ್ತೀಯೇನು? ಕನ್ನಡ್ಯಾಗ ಮಾರಿ ನೋಡ್ಕೊ, ಹುಣ್ಣಿವಿ ಚಂದ್ರಾಮ ಆಗೈತಿ! ಕಳೆ ಬಂದೈತವಾ, ಕಳೆ! ನಾ ಐದು ಹಡದೀನಿ. ಬೆಳಿಗ್ಗೆ ಹಡದು ಸಂಜೀಕ ಚೀಲ ಜ್ವಾಳ ಬೀಸೀನಿ!”

ಫಕೀರಮ್ಮ ಈ ಮಾತು ಹೇಳಿದಾಗಲೆಲ್ಲ ಒಂದು ಚೀಲ ಜೋಳ ಹೆಚ್ಚಾಗುತ್ತಿತ್ತು.

“ಕೂಸೂ ನಿನ್ನಿಯಿಂದ ಮೊದಲಿನ್ಹಂಗ ಮಿಸುಕವಲ್ದು, ಅತ್ತಿ.”

“ದೊಡ್ಡದಾಗೈತಿ, ಒಳಗ ಜಾಗ ಸಾಲವಲ್ದು. ಮಲಗಿರತೈತಿ ಬಿಡು.”

ದುರ್ಗಾದೇವಿ ಕೈಗಂಟಿದ ಹಿಟ್ಟು ಒರೆಸಿಕೊಂಡಳು. ಗೋಡೆಗೆ ಒರಗಿದಳು.

ಅಷ್ಟರಲ್ಲಿ ಬಳೆ ಮಾರುವ ಗೌಸಬೀ ಬಂದಳು. ಕಣ್ಣು ಮುಚ್ಚಿ ಕೈ ಮುಟ್ಟಿದರೆ ಸಾಕು, ಯಾರ ಮನೆಯ ಸೊಸೆ, ಯಾವ ಊರ ಮಗಳು ಎಂದು ಹೇಳಿಬಿಡುವ ಹೆಂಗಸು. ಕುಬಸದ ಬಳೆ ಇಟ್ಟವಳೂ ಅವಳೇ. ದುರ್ಗಾದೇವಿ ಕೊಟ್ಟ ನೀರಿನ ಚೊಂಬು ಕೆಳಗಿಟ್ಟು, ಅವಳ ಮಣಿಕಟ್ಟು ಹಿಡಿದಳು.

“ಯವ್ವಾ, ಆವತ್ತು ಈ ಬಳ್ಯಾಗ ಬೆರಳು ಆಡ್ತಿತ್ತು, ಇವತ್ತು ದಾರ ಹೋಗಂಗಿಲ್ಲ! ಫಕೀರಮ್ಮಕ್ಕಾ, ಇದು ಕಳೆ ಅಲ್ರಿ, ಬಾವು. ಆಶಾ ಅನುಸೂಯಾನ್ನ ಕರೀರಿ.”

“ನೀ ಯಾವಾಗ ಡಾಕ್ಟರ್ ಆದಿ?”

“ಆಗಿಲ್ರಿ ಅಕ್ಕಾ, ಅದಕ್ಕ ಕರೀರಿ ಅನ್ನಾಕತ್ತೀನಿ.”

ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ಅನುಸೂಯಾ ಬಂದಳು. ಎಲ್ಲ ಕೇಳಿ, ಮುಖ ನೋಡಿ, ಕೈ ಒತ್ತಿ ನೋಡಿದಳು.

“ಸಂಜೀಕ ಪಾದ ಒಂದೀಟ ಬಾಯೋದು, ಸೊಂಟ ನೋವು, ಏದುಸಿರು, ಪದೇ ಪದೇ ಒಂದಕ್ಕ ಹೋಗೋದು, ಇವು ಈ ತಿಂಗಳದಾಗ ಇರೂವ. ಕೂಸು ಮೈ ತುಂಬಕೋತಿರತೈತಿ, ಹೊರಗ ಬಂದು ಉಸಿರಾಡಾಕ ತಯಾರಾಗತಿರತೈತಿ, ನಮ್ಮ ಜಗಳಾನೂ ಕೇಳತಿರತೈತಿ! ಆದ್ರ ಮಾರಿ, ಕೈ ಬಾತು, ತಲಿ ಸಿಡದು, ಕಣ್ಣು ಮಂಜಾದ್ರ ಬಿ.ಪಿ. ಏರಿರಬೌದು. ಫಿಟ್ಸ್ ಬಂದ್ರ ಇಬ್ಬರ ಜೀವಕ್ಕೂ ಕುತ್ತು. ಜಾಗ ಇಕ್ಕಟ್ಟಾದ್ರೂ ಕೂಸು ಆಡೂದು ಕಡಿಮಿ ಆಗಬಾರ್ದು, ಅತ್ತಿ. ಈಗ ದವಾಖಾನಿಗೆ ಹೋಗೂಣು.”

“ನಾ ಐದು ಹಡದಾಗ ಯಾವ ದವಾಖಾನಿ ಇತ್ತು?”

ಗೌಸಬೀ ಮೆಲ್ಲಗೆ ಅಂದಳು: “ಹಡದದ್ದು ಐದಲ್ರಿ ಅಕ್ಕಾ, ಆರು. ಆ ಮೊದಲನೇದಕ್ಕ ನಮ್ಮವ್ವ ನಿಮಗ ಬಳಿ ಇಟ್ಟಿದ್ಲು. ಆಗ ನಿಮ್ಮ ಮಾರೀನೂ ಹಿಂಗ ಹುಣ್ಣಿವಿ ಚಂದ್ರಾಮ ಆಗಿತ್ತಂತ. ಆ ಕೂಸು ಉಳೀಲಿಲ್ಲ.”

ಎಲ್ಲವನ್ನೂ ಹೆಚ್ಚಿಸಿ ಹೇಳುವ ಫಕೀರಮ್ಮ ಇದೊಂದನ್ನು ಇಷ್ಟು ವರ್ಷ ಕಡಿಮೆ ಮಾಡಿ ಹೇಳುತ್ತ ಬಂದಿದ್ದಳು. ಸೊಸೆಯ ಬಾತ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದಳು.

“ಗಾಡಿ ಕರಿ, ಅನುಸೂಯಾ. ಗೌಸಬೀ, ಬಳಿ ಒಡಿ. ಬಳಿ ಮತ್ತ ಸಿಗತಾವು.”

ಗೌಸಬೀ ಸೆರಗು ಸುತ್ತಿ ಒಂದೊಂದಾಗಿ ಬಳೆ ಒಡೆದಳು. ಚೂರುಗಳನ್ನು ಫಕೀರಮ್ಮ ತನ್ನ ಉಡಿಯಲ್ಲಿ ಹಿಡಿದಳು. ದುರ್ಗಾದೇವಿಯ ಕೈ ಉಸಿರಾಡಿತು.

ಗಂಗಾವತಿಯ ದವಾಖಾನೆಯಲ್ಲಿ ನೋಡಿದರೆ ಬಿ.ಪಿ. ಬಹಳ ಏರಿತ್ತು. ಅಲ್ಲಿಯೇ ಇರಿಸಿಕೊಂಡು ಔಷಧ ಕೊಟ್ಟರು, ಕೂಸಿನ ಎದೆಬಡಿತ ನೋಡುತ್ತ ಕಾದರು, ಹೆರಿಗೆಯನ್ನೂ ಮಾಡಿಸಿದರು. ಸಣ್ಣ ಹೆಣ್ಣುಕೂಸು. ಅದರ ಮೊದಲ ಅಳು ಯಲಬುರ್ಗಾದ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ! ದಣಿದ ದುರ್ಗಾದೇವಿ ಆ ಅಳು ಕೇಳುತ್ತಲೇ ಕಣ್ಣು ಮುಚ್ಚಿ, ಬಹಳ ದಿನಗಳ ನಂತರ ನಿದ್ದೆ ಹೋದಳು.

ಫಕೀರಮ್ಮ ಬಿ.ಪಿ. ಯಂತ್ರದ ಮುಳ್ಳು ಚಾವಣಿಗೆ ಬಡಿಯಿತೆಂದು ಈಗಲೂ ಹೇಳುತ್ತಾಳೆ. ಆದರೆ “ನಾ ಆರು ಹಡದೀನಿ” ಎನ್ನುವಾಗ ದನಿ ತಗ್ಗಿಸುತ್ತಾಳೆ.

ಅತ್ತೆಯರೇ, ಅವ್ವಂದಿರೇ, ಗಂಡಂದಿರೇ! ಹಾರಿದ ಮೆಣಸಿನಕಾಯಿಯನ್ನು ನಂಬದಿದ್ದರೂ ಚಿಂತೆಯಿಲ್ಲ, ಇದನ್ನು ನಂಬಿರಿ. ಬಳೆ ಸಡಿಲವಿದೆಯೆಂದು ನೆಮ್ಮದಿಯಾಗಿ ಕೂರಬೇಡಿ, ಬಾವು ಬರದೆಯೂ ಬಿ.ಪಿ. ಏರುತ್ತದೆ. ಪ್ರತಿ ತಪಾಸಣೆಯಲ್ಲೂ ಅಳೆಸಿರಿ. ಮುಖ, ಕೈ ಬಾತರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ರಕ್ತವೋ ನೀರೋ ಹೋದರೆ ನಾಳೆ ಎನ್ನದೆ 108ಕ್ಕೆ ಕರೆ ಮಾಡಿರಿ. ಈಗ ಈ ಹಾಳೆ ಕೆಳಗಿಟ್ಟು, ನಿಮ್ಮ ಮನೆಯ ಬಸುರಿಯ ಕೈ ಹಿಡಿದು “ಹೆಂಗ ಅದೀಯವ್ವ?” ಎಂದು ಕೇಳಿರಿ. ಅವಳು ಹೇಳಿ ಮುಗಿಸುವವರೆಗೆ ನಿಮ್ಮ ಕಥೆ ಶುರು ಮಾಡಬೇಡಿರಿ.