ಕಡೆಯ ಕ್ಲಿಪ್ಪು

ನಾನು ಒಂದು ಜೊತೆ ಜಂಪರ್ ಕೇಬಲ್, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದರ ಸತ್ತ ಬ್ಯಾಟರಿಗೆ ಕಸುವು ದಾಟಿಸುವ ತಂತಿ. ಒಂದು ಕೆಂಪು, ಒಂದು ಕಪ್ಪು. ಇಬ್ಬರಾದರೂ ನಮ್ಮನ್ನು ಯಾರೂ ಬೇರೆ ಮಾಡಿ ಕರೆದದ್ದಿಲ್ಲ. ಹಾಗಾಗಿ ನಾನೂ ‘ನಾನು’ ಎಂದೇ ಹೇಳುತ್ತೇನೆ.

ಹುಬ್ಬಳ್ಳಿಯ ಹೊರಗೆ ಲಾರಿಗಳು ತಂಗುವ ಬಯಲಿದೆ. ಅಲ್ಲಿ ಮಕ್ತುಮ್‌ಸಾಬರ ತಗಡಿನ ಅಂಗಡಿಯಲ್ಲಿ ನಾನು ಹುಟ್ಟಿದೆ. ಅವರು ಲಾರಿಗಳ ವೈರಿಂಗ್ ರಿಪೇರಿ ಮಾಡುತ್ತಿದ್ದರು. ಲಾರಿಯಲ್ಲಿ ಎರಡು ಬ್ಯಾಟರಿಗಳನ್ನು ಕೂಡಿಸಿರುತ್ತಾರೆ, ಕಾರಿನದಕ್ಕಿಂತ ಇಮ್ಮಡಿ ಕಸುವು. ತೆಳ್ಳಗಿನ ತಂತಿಯಾದರೆ ಕಾದು ಸುಟ್ಟುಹೋಗುತ್ತದೆ. ಅದಕ್ಕೆ ಸಾಬರು ಹೆಬ್ಬೆರಳು ಗಾತ್ರದ ವೆಲ್ಡಿಂಗ್ ಕೇಬಲ್ ಆರಿಸಿ, ತುದಿಗಳಿಗೆ ಹಲ್ಲಿರುವ ಕ್ಲಿಪ್ಪುಗಳನ್ನು ಬೆಸೆದರು. ಬೆಸುಗೆ ಆರುವ ತನಕ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನಗೆ ನೆನಪಿರುವ ಮೊದಲ ಬಿಸಿ ಅದೇ.

ಮಾಡಿಸಿಕೊಂಡವನು ದ್ಯಾಮಪ್ಪ, ಅಣ್ಣಿಗೇರಿ ಕಡೆಯ ಡ್ರೈವರು. ಅಗಲ ಎದೆ, ಸಣ್ಣ ದನಿ. ಸಾಬರು ನನ್ನನ್ನು ಅವನ ಕೈಗೆ ಕೊಡುವಾಗ ಹೇಳಿದರು:

“ನೋಡಪಾ, ಎರಡೂ ಗಾಡಿ ಬಂದ್ ಇರಬೇಕು. ಮೊದ್ಲ ಕೆಂಪು ಸತ್ತ ಬ್ಯಾಟರಿ ಪ್ಲಸ್‌ಗೆ, ಆಮ್ಯಾಲ ಚಲೋ ಬ್ಯಾಟರಿ ಪ್ಲಸ್‌ಗೆ. ಕರೇದು ಚಲೋ ಬ್ಯಾಟರಿ ಮೈನಸ್‌ಗೆ. ಕಡೀ ಕ್ಲಿಪ್ಪ ಮಾತ್ರ ಬ್ಯಾಟರಿ ಹತ್ರ ಒಯ್ಯಬ್ಯಾಡ, ದೂರ ಸತ್ತ ಗಾಡಿ ಚಾಸಿ ಕಬ್ಬಿಣಕ್ಕ ಕಚ್ಚಸು. ಕಿಡಿ ಹಾರೂದು ಆ ಕಡೀ ಕ್ಲಿಪ್ಪಿಗೇ. ಬ್ಯಾಟರಿ ಗ್ಯಾಸ್ ಬಿಡತೈತಿ, ಅದು ಕಣ್ಣಿಗೆ ಕಾಣಂಗಿಲ್ಲ, ಕಿಡಿ ತಾಗಿದ್ರ ಸಿಡೀತೈತಿ.”

“ಆತ್ರಿ ಸಾಬ್ರ,” ಅಂದ ದ್ಯಾಮಪ್ಪ. ಅವನು ಹೂಂಗುಟ್ಟಿದ್ದನ್ನು ಮರೆಯುವ ಮನುಷ್ಯನಲ್ಲ.

ನನ್ನ ಜಾಗ ಅವನ ಸೀಟಿನ ಹಿಂದೆ, ನೀರಿನ ಕ್ಯಾನಿನ ಪಕ್ಕ. ಅವನ ಲಾರಿಗೆ ನಾನು ಬೇಕಾದದ್ದೇ ಅಪರೂಪ. ಬ್ಯಾಟರಿಯ ತಲೆ ಮೇಲಿನ ಬಿಳಿ ಪುಡಿಯನ್ನು ಅವನು ಬಿಸಿನೀರಲ್ಲಿ ತೊಳೆದು ಇಡುತ್ತಿದ್ದ. ನನ್ನನ್ನು ಹೊರಗೆ ತೆಗೆಯುತ್ತಿದ್ದದ್ದು ಬೇರೆಯವರಿಗಾಗಿ. ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿ ಕಂಡರೆ ಅವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಸತ್ತು ಬಿದ್ದ ಎಂಜಿನ್ ಒಮ್ಮೆ ಕೆಮ್ಮಿ ಗುಡುಗತೊಡಗಿದಾಗ ಆ ನಡುಕ ನನ್ನ ತಾಮ್ರದ ಎಳೆಎಳೆಯಲ್ಲೂ ಹರಿಯುತ್ತಿತ್ತು. ನನ್ನ ಸುಖದ ದಿನಗಳು ಅವು.

ಒಂದು ಬೇಸಿಗೆಯ ಬೆಳಗ್ಗೆ ದ್ಯಾಮಪ್ಪ ಅಂಕೋಲೆಯಿಂದ ಖಾಲಿ ಲಾರಿಯಲ್ಲಿ ಅರಬೈಲು ಘಟ್ಟ ಹತ್ತುತ್ತಿದ್ದ. ಮೇಲಿನ ತಿರುವಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ಡ್ರೈವರು ರಸ್ತೆಯ ನಡುವಿಗೇ ಬಂದು ಕೈ ಬೀಸುತ್ತಿದ್ದ. ಶಿರಾ ಕಡೆಯವನು, ಹೆಸರು ಜುಂಜಣ್ಣ. ಅತ್ತು ಅತ್ತು ಮುಖ ಊದಿಹೋಗಿತ್ತು.

“ಅಣ್ಣ, ನಮ್ಮವ್ವ ಹೋಗ್ಬಿಟ್ಲು ಕಣಣ್ಣ. ಬೆಳಗ್ಗೆ ಫೋನ್ ಬಂತು. ಸಂಜೆಗಂಟ ಮಣ್ಣು ಮಾಡಲ್ಲ, ಬಾ ಅಂದವ್ರೆ. ಗಾಡಿ ನೋಡಿದ್ರೆ ಉಸ್ರೇ ಬಿಡ್ತಿಲ್ಲ. ಒಬ್ರೂ ನಿಲ್ಲಿಸ್ತಿಲ್ಲ.”

“ನಾ ನಿಲ್ಲಿಸೀನಲ್ಲೋ ತಮ್ಮಾ. ಅಳಬ್ಯಾಡ, ಮುಟ್ಟತಿ,” ಎಂದು ದ್ಯಾಮಪ್ಪ ಇಳಿದ.

ತನ್ನ ಲಾರಿಯನ್ನು ಪಕ್ಕಕ್ಕೆ, ಒಂದಕ್ಕೊಂದು ತಾಗದಂತೆ ನಿಲ್ಲಿಸಿದ. ಜುಂಜಣ್ಣನ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ಕೊಳೆತ ಮೊಟ್ಟೆಯಂಥ ವಾಸನೆ ಎದ್ದಿತು. ದ್ಯಾಮಪ್ಪ ಮೂಗು ಸಿಂಡರಿಸಿದ.

“ಇದು ಭಾಳ ಕುದ್ದೈತಿ. ಚಾರ್ಜಿಂಗ್ ಕೆಟ್ಟೈತಿ ಕಾಣತೈತಿ. ತುಸು ತಡಿ, ಗಾಳಿ ಆಡಿ ಗ್ಯಾಸ್ ಹೋಗ್ಲಿ.”

“ತಡಿಯೋಕೆ ಹೊತ್ತಿಲ್ಲ ಅಣ್ಣ!”

ದ್ಯಾಮಪ್ಪ ಆದರೂ ತಡೆದ, ರಟ್ಟಿನ ತುಂಡಿನಿಂದ ಗಾಳಿ ಬೀಸಿದ. ಆದರೆ ಆ ಬೇಡುವ ಕಣ್ಣುಗಳನ್ನು ಎಷ್ಟು ಹೊತ್ತು ನೋಡುತ್ತ ನಿಂತಾನು? ನನ್ನನ್ನು ಬಿಡಿಸಿದ. ಕೆಂಪು ಹಚ್ಚಿದ. ಕಪ್ಪು ತನ್ನ ಬ್ಯಾಟರಿಗೆ ಹಚ್ಚಿದ. ಉಳಿದ ತುದಿಯನ್ನು ಜುಂಜಣ್ಣನ ಕೈಗೆ ಕೊಟ್ಟು, “ಅಲ್ಲಿ, ಆ ಚಾಸಿ ಬೋಲ್ಟಿಗೆ ಕಚ್ಚಸು” ಎಂದ. ತಾನು ಬಗ್ಗಿ, ಬ್ಯಾಟರಿಯಲ್ಲಿ ಬಿರುಕು ಇದೆಯೋ ಎಂದು ನೋಡತೊಡಗಿದ.

ಜುಂಜಣ್ಣ ನನ್ನನ್ನು ಬೋಲ್ಟಿಗೆ ಕಚ್ಚಿಸಿದ. ಕೆಸರು, ತುಕ್ಕು; ನನ್ನ ಹಲ್ಲು ಜಾರಿತು. ಮತ್ತೊಮ್ಮೆ ಕಚ್ಚಿಸಿದ, ಮತ್ತೆ ಜಾರಿತು. ಬ್ಯಾಟರಿಯ ಮೈನಸ್ ಎದುರಿಗೇ ಹೊಳೆಯುತ್ತಿತ್ತು. ಅಲ್ಲಿಗೆ ಒತ್ತಿದ.

ಕಿಡಿ ಹಾರಿತು. ಬ್ಯಾಟರಿ ಸಿಡಿದು ಆ್ಯಸಿಡ್ ಚಿಮ್ಮಿತು. ಆ ಸದ್ದಿಗೆ ಕಾಡಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಮುಖಕ್ಕೆ ಎರಡೂ ಕೈ ಒತ್ತಿಕೊಂಡು ದ್ಯಾಮಪ್ಪ ಕುಸಿದ.

“ನೀರು,” ಎಂದ. ಅಷ್ಟೇ ಅಂದದ್ದು.

ಜುಂಜಣ್ಣ ಕ್ಯಾನು ತಂದು ಸುರಿದ. ರೆಪ್ಪೆಗಳನ್ನು ಬೆರಳಿಂದ ಬಿಡಿಸಿ ಹಿಡಿದು ಸುರಿದ. ಅವನ ಕೈಯೂ ಆ್ಯಸಿಡ್‌ನಲ್ಲಿ ಸುಡುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ. ಕ್ಯಾನು ಬರಿದಾದಾಗ ದ್ಯಾಮಪ್ಪನನ್ನು ತಬ್ಬಿಕೊಂಡು ರಸ್ತೆ ಪಕ್ಕದ ಒರತೆಯ ತನಕ ನಡೆಸಿ, ಹರಿಯುವ ನೀರಿಗೇ ಮುಖ ಕೊಡಿಸಿದ. ಮತ್ತೆ ಓಡಿಬಂದು ನನ್ನನ್ನು ಕಿತ್ತು ಲಾರಿಯೊಳಗೆ ಎಸೆದ. ತನ್ನದನ್ನು ಅಲ್ಲೇ ಬಿಟ್ಟು ದ್ಯಾಮಪ್ಪನ ಲಾರಿಯನ್ನು ತಾನೇ ನಡೆಸಿದ. ಯಲ್ಲಾಪುರದ ಆಸ್ಪತ್ರೆಯಲ್ಲಿ ಕಣ್ಣು ತೊಳೆದು, ಹುಬ್ಬಳ್ಳಿಗೇ ಹೋಗಿ ಎಂದರು.

ದಾರಿಯಲ್ಲಿ ದ್ಯಾಮಪ್ಪ ಹೇಳಿದ್ದು ಒಂದೇ: “ನನ್ನ ದವಾಖಾನಿಗೆ ಮುಟ್ಟಿಸಿ ನೀ ಬಸ್ ಹತ್ತು. ತಾಯಿ ಕಾಯಾಕತ್ತಾಳ.”

ಜುಂಜಣ್ಣ ಬಸ್ಸು ಹತ್ತಲಿಲ್ಲ. ದ್ಯಾಮಪ್ಪನ ಹೆಂಡತಿ ಕಲ್ಲವ್ವ ಹಳ್ಳಿಯಿಂದ ಬರುವ ತನಕ ಅವನ ತಲೆ ಹಿಡಿದು ಕೂರಲು ಇನ್ನೊಬ್ಬರಿರಲಿಲ್ಲ. ಅವಳು ಬಂದಾಗ ಹೊತ್ತು ಇಳಿದಿತ್ತು. ಆಸ್ಪತ್ರೆಯ ಅಂಗಳಕ್ಕೆ ಬಂದು ಜುಂಜಣ್ಣ ಲಾರಿಗೆ ಒರಗಿ ನಿಂತಿದ್ದಾಗ ಅವನ ಅಣ್ಣನ ಫೋನು ಬಂತು. ಒಳಗಿದ್ದ ನನಗೆ ಕೇಳಿದ್ದು ಅವನ ಮಾತಷ್ಟೇ.

“ಆಯ್ತಾ... ಮುಖ ಮುಚ್ಚೋಕ್ ಮುಂಚೆ ನನ್ನ ಹೆಸ್ರು ಹೇಳಿ ಒಂದು ಹಿಡಿ ಮಣ್ಣು ಹಾಕಿದ್ರಾ?... ಹೂಂ. ಆಯ್ತು ಬಿಡಣ್ಣ.”

ಆಮೇಲೆ ಲಾರಿಯ ಬಾಗಿಲಿಗೆ ಅವನ ಹಣೆ ಮೆಲ್ಲಗೆ ತಾಗುವ ಸದ್ದು ಕೇಳಿತು.

ದ್ಯಾಮಪ್ಪನ ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬೆಳಕು ಮಾತ್ರ ಕಾಣುತ್ತಿತ್ತು, ಬಾಗಿಲು ಯಾವ ಕಡೆ ಎಂದು ತಿಳಿಯುವಷ್ಟು. ಲಾರಿ ಮಾರಿದರು. ನಾನು ಅವನ ಮನೆಯ ಗೂಟಕ್ಕೆ ಬಂದೆ.

ತಿಂಗಳುಗಳ ಮೇಲೆ ಜುಂಜಣ್ಣ ಬಂದ. ಕಲ್ಲವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

“ಏನ್ ನೋಡಾಕ ಬಂದಿ? ಇವರ ಕಣ್ಣು ನೋಡಾಕ ಬಂದಿ ಏನು?”

ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತ. ಎಷ್ಟೋ ಹೊತ್ತಿನ ಮೇಲೆ ದ್ಯಾಮಪ್ಪ ಗೋಡೆ ಹಿಡಿದು ಎದ್ದು, ಗೂಟದಿಂದ ನನ್ನನ್ನು ಇಳಿಸಿದ. ಬೆರಳಿಂದ ತಡವುತ್ತ ಕಪ್ಪು ಕ್ಲಿಪ್ಪಿನ ಕರಗಿದ ಹಲ್ಲಿನ ತನಕ ಬಂದ. ಅಲ್ಲೇ ಬೆರಳು ನಿಂತಿತು.

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಅಂದ್ರ ಸುಳ್ಳಾಕ್ಕತಿ,” ಎಂದ. “ಸಿಟ್ಟೈತಿ. ದಿನಾ ಬರತೈತಿ. ಆದ್ರ ಇದು ಇಲ್ಲೆ ಗ್ವಾಡಿಗೆ ತೂಗಬಾರದು. ಕ್ಲಿಪ್ಪ ಬದಲಿ ಮಾಡಿಸಿ ನೀ ಒಯ್ಯಿ. ದಾರ್ಯಾಗ ಯಾರರ ನಿಂತಿದ್ರ ನಿಲ್ಲಿಸು.”

ಜುಂಜಣ್ಣ ನನ್ನನ್ನು ಮಡಿಲಲ್ಲಿಟ್ಟುಕೊಂಡು ಹೊರಟ.

ಬಹಳ ದಿನ ಅವನು ನನ್ನನ್ನು ಮುಟ್ಟಲಿಲ್ಲ. ಕೆಟ್ಟು ನಿಂತ ಲಾರಿ ಕಂಡರೆ ರಸ್ತೆಯಿಂದ ಕಣ್ಣು ಕೀಳದೆ ದಾಟಿಹೋಗುತ್ತಿದ್ದ. ಕೊನೆಗೊಮ್ಮೆ ಹಿರಿಯೂರಿನ ಹತ್ತಿರ ಅಂಥದೊಂದು ಲಾರಿಯ ಪಕ್ಕ ನಿಲ್ಲಿಸಿದ. ಕಣ್ಣಿಗೆ ಕನ್ನಡಕ ಹಾಕಿಕೊಂಡ, ಕೈಗಡಿಯಾರ ಬಿಚ್ಚಿಟ್ಟ, ನೀರಿನ ಕ್ಯಾನು ಹತ್ತಿರ ತಂದಿಟ್ಟ. ಎಲ್ಲರನ್ನೂ ಹಿಂದೆ ಕಳಿಸಿದ. ಚಾಸಿಯ ಮೇಲಿನ ತುಕ್ಕನ್ನು ಲೋಹ ಬೆಳ್ಳಗಾಗುವ ತನಕ ಉಜ್ಜಿದ, ಬ್ಯಾಟರಿಯಿಂದ ಮುಖ ಆಚೆ ತಿರುಗಿಸಿ ಹೊಸ ಕ್ಲಿಪ್ಪು ಕಚ್ಚಿಸಿದ. ಎಂಜಿನ್ ಎದ್ದಿತು. ಆ ಡ್ರೈವರು ಕೈ ಮುಗಿದರೆ ಇವನು ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡ.

ಆಮೇಲೆ ನಿಲ್ಲಿಸದೆ ಹೋದದ್ದಿಲ್ಲ.

ವರ್ಷಗಳು ಹೋದವು. ನನ್ನ ರಬ್ಬರು ಸೀಳಿತು, ತಾಮ್ರ ಹಸಿರುಗಟ್ಟಿತು. ಇಂಥ ಕೇಬಲ್ ಯಾರ ಕೈಗೂ ಸಿಗಬಾರದೆಂದು ಜುಂಜಣ್ಣ ನನ್ನ ಕ್ಲಿಪ್ಪುಗಳನ್ನು ಕತ್ತರಿಸಿದ. ಆದರೆ ಗುಜರಿಗೆ ಹಾಕಲಿಲ್ಲ. ಅಣ್ಣಿಗೇರಿ ಕಡೆಯ ಆ ಹಳ್ಳಿಗೆ ತಂದು ದ್ಯಾಮಪ್ಪನ ಕಾಲ ಬಳಿ ಇಟ್ಟ. ಜುಂಜಣ್ಣನ ಮೀಸೆಯೂ ಬೆಳ್ಳಗಾಗಿತ್ತು.

“ಇನ್ನು ಆಗಕ್ಕಿಲ್ಲ ಅಣ್ಣ. ಮುಗೀತು.”

ದ್ಯಾಮಪ್ಪ ನನ್ನ ಸೀಳಿದ ಮೈಯನ್ನು ಸವರಿದ. ಕಲ್ಲವ್ವ ಇಬ್ಬರಿಗೂ ಚಹಾ ಕೊಟ್ಟು, ಬಾಗಿಲಿಗೆ ಒರಗಿ ಕೂತಳು. ಅವಳು ಜುಂಜಣ್ಣನನ್ನು ಈಗ ‘ಬಾ’ ಅನ್ನುತ್ತಿದ್ದಳು, ಹೆಚ್ಚೇನೂ ಮಾತಾಡುತ್ತಿರಲಿಲ್ಲ.

ಈಗ ನಾನು ಇಲ್ಲೇ ಪಡಸಾಲೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿದ್ದೇನೆ. ಎಷ್ಟೋ ಎಂಜಿನ್ನುಗಳಿಗೆ ಉಸಿರು ಸಾಗಿಸಿದೆ. ಕಣ್ಣಿನ ಬೆಳಕನ್ನಾಗಲಿ, ತಾಯಿಯ ಕಡೆಯ ಮುಖವನ್ನಾಗಲಿ ಹಿಂದಕ್ಕೆ ತರುವುದು ನನ್ನಂಥ ತಂತಿಯಿಂದ ಆಗುವ ಕೆಲಸವಲ್ಲ. ಅದನ್ನು ನೆನೆದು ದುಃಖಿಸುತ್ತೇನೆ. ಆದರೆ ಆ ದಿನ ಚಹಾ ಕುಡಿದ ಮೇಲೆ ದ್ಯಾಮಪ್ಪ ಕೇಳಿದ ಮಾತೂ ನೆನಪಾಗುತ್ತದೆ.

“ಜುಂಜಣ್ಣಾ, ಇಷ್ಟು ವರ್ಷಾತು, ನಾ ಕೇಳೇ ಇಲ್ಲ. ನಿಮ್ಮವ್ವನ ಹೆಸರೇನಪಾ?”

ಜುಂಜಣ್ಣ ಖಾಲಿ ಲೋಟ ಕೆಳಗಿಟ್ಟ.

“ಚಿಕ್ಕೀರಮ್ಮ,” ಎಂದ.

“ಹೆಂಗಿದ್ಲು?”

ಜುಂಜಣ್ಣ ಹೇಳತೊಡಗಿದ. ಅವಳು ಕುರಿಗಳನ್ನು ಹೆಸರಿಟ್ಟು ಕರೆಯುತ್ತಿದ್ದದ್ದು, ಸಿಟ್ಟು ಬಂದರೆ ರಾಗಿ ಬೀಸುವ ಕಲ್ಲನ್ನು ಜೋರಾಗಿ ತಿರುವುತ್ತಿದ್ದದ್ದು, ಒಮ್ಮೆ ಲಾರಿ ಹತ್ತಿ ಕೂತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಶಿರಾ ತನಕ ಬಂದದ್ದು. ಕಲ್ಲವ್ವ ಒಲೆಯ ಕಡೆ ಎದ್ದು ಹೋದಳು; ಮೂವರಿಗೂ ಆಗುವಷ್ಟು ರೊಟ್ಟಿ ತಟ್ಟುವ ಸದ್ದು ಕೇಳಿತು. ದ್ಯಾಮಪ್ಪ ತನ್ನ ಕಾಣದ ಕಣ್ಣುಗಳನ್ನು ದನಿ ಬಂದ ಕಡೆಗೆ ತಿರುಗಿಸಿ, ಕೇಳುತ್ತ ಕೂತಿದ್ದ.