ಕಾಯಿಲೆಯವರ ಡಬ್ಬಿಯಲ್ಲಿದ್ದ ಗೋಧಿ

ಹಬ್ಬ ಹತ್ತಿರ ಬಂದರೆ ಊರಿನ ತಾಯಂದಿರೆಲ್ಲ ಒಂದೇ ಗೊಣಗು ಗೊಣಗುತ್ತಿದ್ದರು. "ಹೋದ ವರ್ಷ ಹೊಲಿಸಿದ ಲಂಗ ಆಗ್ಲೇ ಮೊಣಕಾಲಿಗೆ ಬಂತು ನೋಡ್ರಿ. ಮತ್ತೆ ಬಟ್ಟೆ ತರಬೇಕು." ಆ ಗೊಣಗು ಕೇಳಿದರೆ ನಿರ್ಮಲಮ್ಮ ಅಲ್ಲಿಂದ ಎದ್ದು ಬರುತ್ತಿದ್ದಳು. ತಾನೂ ಒಂದು ಸಲ ಹಾಗೆ ಗೊಣಗಬೇಕೆಂದು ಅವಳಿಗೆ ಆಸೆ. ಮಗಳು ಕೊಟ್ರಮ್ಮನಿಗೆ ನಾಲ್ಕು ವರ್ಷವಿದ್ದಾಗ ಹೊಲಿಸಿದ್ದ ಹಸಿರು ಲಂಗ, ಏಳು ತುಂಬಿದರೂ ಅವಳಿಗೆ ಸರಿಯಾಗಿಯೇ ಆಗುತ್ತಿತ್ತು.

ಇದು ಎಂಬತ್ನಾಲ್ಕನೇ ಇಸವಿಯ ಮಾತು. ಬಸವಾಪಟ್ಟಣಕ್ಕೆ ಎರಡು ಮೈಲಿ ದೂರದ ಹಳ್ಳಿ. ನಿರ್ಮಲಮ್ಮನ ಗಂಡ ಬೆನಕಪ್ಪನಿಗೆ ನಾಲೆ ನೀರಿನ ಎರಡೆಕರೆ ಗದ್ದೆಯಿತ್ತು, ಮೇಲೆ ಒಂದಿಷ್ಟು ಜೋಳದ ಹೊಲವಿತ್ತು. ಉಣ್ಣಲು ಕೊರತೆ ಇರಲಿಲ್ಲ. ಆದರೂ ಮಗುವಿನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಮುಖ ಬಿಳಿಚಿಕೊಂಡಿತ್ತು, ಬಾಯಲ್ಲಿ ಹುಣ್ಣು. ತಿಂಗಳಲ್ಲಿ ಹದಿನೈದು ದಿನ ಭೇದಿ. ಅದೂ ವಿಪರೀತ ನಾರುವ ಭೇದಿ. ಜಂತುಹುಳಕ್ಕೆ ಔಷಧಿ ಕುಡಿಸಿದರು, ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಶಾಲೆಗೆ ಸೇರಿಸಿದ್ದರು, ಮೂರೇ ತಿಂಗಳಿಗೆ ಬಿಡಿಸಿದರು. ಪಾಠದ ನಡುವೆ ನಾಲ್ಕು ಸಲ ಎದ್ದು ಓಡುವ ಹುಡುಗಿಯನ್ನು ನೋಡಿ ಉಳಿದವರು ನಗುತ್ತಿದ್ದರಂತೆ. ಆಮೇಲೆ ಕೊಟ್ರಮ್ಮ ಜಗುಲಿಯ ಮೇಲೆ ಕೂತು, ಚೀಲ ಹೊತ್ತು ಹೋಗುವ ಮಕ್ಕಳನ್ನು ತಿರುವು ದಾಟುವವರೆಗೂ ನೋಡುತ್ತಿದ್ದಳು.

ಆ ಮನೆಯಲ್ಲಿ ಒಲೆಯ ಯಜಮಾನಿಕೆ ಅತ್ತೆ ಕಲ್ಲಮ್ಮನದು. ಒಳ್ಳೆಯ ಹೆಂಗಸು. ಆದರೆ ಅವಳು ಹೇಳಿದ್ದಕ್ಕೆ ಎದುರಾಡಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರದು ಜೋಳ, ರಾಗಿ, ಅಕ್ಕಿ ಉಣ್ಣುವ ಮನೆ. ಹಬ್ಬದ ಹೋಳಿಗೆಗೆ ಬಿಟ್ಟರೆ ಗೋಧಿ ಅವರ ಒಲೆ ಹತ್ತುತ್ತಿರಲಿಲ್ಲ. ಆದರೂ ನಾಗಂದಿಗೆಯ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಗೋಧಿ ನುಚ್ಚು, ಸಣ್ಣ ರವೆ, ಬಾರ್ಲಿ. ಮನೆಯವರೆಲ್ಲ ಅದನ್ನು ಕಾಯಿಲೆಯವರ ಡಬ್ಬಿ ಎಂದೇ ಕರೆಯುತ್ತಿದ್ದರು. ಮಲಗಿದವರಿಗೆ, ಬಾಣಂತಿಗೆ, ಹಲ್ಲಿಲ್ಲದ ಮುದುಕರಿಗೆ ಮಾತ್ರ ಅದು ಕೆಳಗಿಳಿಯುತ್ತಿತ್ತು. ನಾಲ್ಕನೇ ವರ್ಷದಲ್ಲಿ ಒಂದು ಜ್ವರ ಬಂದು ಮಲಗಿದಾಗಿನಿಂದ, ಈಗ ಮೂರು ವರ್ಷ, ಕೊಟ್ರಮ್ಮನಿಗಾಗಿ ಅದು ದಿನಾ ಇಳಿಯುತ್ತಿತ್ತು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸ್ ಅಂಜಿನಮ್ಮ ಮನೆಗೆ ಬಂದರು. ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ ಕಲ್ಲಮ್ಮನ ಎದುರಿಗೆ ಕೂತರು.

"ಅಜ್ಜಿ, ನಿನ್ನೆಯಿಂದ ಮಗೀಗೆ ಏನೇನು ಕೊಟ್ರಿ? ಒಂದೊಂದೇ ಹೇಳ್ರಿ."

ಕಲ್ಲಮ್ಮ ಹೆಮ್ಮೆಯಿಂದಲೇ ಶುರು ಮಾಡಿದಳು. "ಬೆಳಿಗ್ಗೆ ಗೋಧಿ ನುಚ್ಚಿನ ಗಂಜಿ. ಆಮೇಲೆ ಹಾಲಿನಾಗೆ ಅದ್ದಿದ ಬನ್ನು. ಮಧ್ಯಾಹ್ನ ಬಾರ್ಲಿ ನೀರು. ರಾತ್ರಿ ಮೆತ್ತಗೆ ರವೆ ಗಂಜಿ. ರೊಟ್ಟಿ, ಮುದ್ದೆ ಮುಟ್ಟಾಕೂ ಬಿಟ್ಟಿಲ್ಲ ನೋಡು ನಾನು!"

"ರೊಟ್ಟಿ ಯಾಕೆ ಕೊಡಲ್ಲ?"

"ಜೋಳ ದುಡಿಯೋರ ಊಟ ಕಣಮ್ಮಾ, ಒರಟು. ಈ ಕರುಳಿಗೆ ತಡೀತದಾ?"

ಅಂಜಿನಮ್ಮ ನಿರ್ಮಲಮ್ಮನ ಕಡೆ ತಿರುಗಿದರು. "ಮಗು ಯಾವಾಗಾದ್ರೂ ಹುಷಾರಾಗಿತ್ತಾ, ನಿರ್ಮಲಕ್ಕ?"

ನಿರ್ಮಲಮ್ಮ ಯೋಚಿಸಿದಳು. "ಒಂದು ಸಲ ಆಗಿತ್ತು. ಜಗಳೂರು ಕಡೆ ನನ್ನ ತೌರಿಗೆ ಕರಕೊಂಡು ಹೋಗಿದ್ದೆ. ಅಲ್ಲಿ ಬನ್ನೂ ಇಲ್ಲ, ಬ್ರೆಡ್ಡೂ ಇಲ್ಲ. ನವಣೆ ಅನ್ನ, ಜೋಳದ ಮುದ್ದೆ, ಮಜ್ಜಿಗೆ. ಒಂದು ತಿಂಗಳು ಇದ್ವಿ. ಹುಡುಗರ ಸಂಗಡ ಕುಂಟೆಬಿಲ್ಲೆ ಆಡ್ತಿದ್ಲು."

"ತೌರು ಅಂದ್ರೆ ಎಲ್ಲಾ ಚಂದವೇ," ಎಂದಳು ಕಲ್ಲಮ್ಮ, ಮೂತಿ ತಿರುವಿ.

ಅಂಜಿನಮ್ಮ ನಗಲಿಲ್ಲ. "ನಂಗೆ ಒಂದು ಅನುಮಾನ ಐತೆ. ನನ್ನ ಮಾತಿನ ಮೇಲೆ ಏನೂ ಬದಲಾಯಿಸಬ್ಯಾಡ್ರಿ. ದಾವಣಗೆರೆ ದೊಡ್ಡಾಸ್ಪತ್ರೆಗೆ ತೋರಿಸ್ರಿ. ನಾನು ಚೀಟಿ ಕೊಡ್ತೀನಿ," ಎಂದರು.

ದಾವಣಗೆರೆಯಲ್ಲಿ ಎಂಟು ದಿನ ಇರಬೇಕಾಯಿತು. ಮಕ್ಕಳ ಡಾಕ್ಟರು ಇನ್ನೂ ಎಳೆ ವಯಸ್ಸಿನವರು. ಉತ್ತರದ ಕಡೆ, ದಿನಾ ಗೋಧಿಯನ್ನೇ ಉಣ್ಣುವ ಸೀಮೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದರು. ಸಣ್ಣ ಕೊಳವೆಯ ತುದಿಗಿದ್ದ ಪುಟ್ಟ ಗುಂಡೊಂದನ್ನು ಮಗುವಿಗೆ ನುಂಗಿಸಿ, ಕರುಳಿನಿಂದ ಎಳ್ಳುಕಾಳಿನಷ್ಟು ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಆಮೇಲೆ ಬೆನಕಪ್ಪ, ನಿರ್ಮಲಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಟವೆಲ್ ಮೇಲೆ ಸಣ್ಣ ಸಣ್ಣ ಎಳೆ ಇರ್ತಾವಲ್ಲ, ಕರುಳಿನ ಒಳಗೂ ಹಾಗೇ ಇರ್ತಾವೆ. ಊಟದ ಸತ್ವ ಹೀರೋದು ಅವೇ. ಗೋಧಿ ಹಿಟ್ಟು ನಾದಿದ್ರೆ ಎಳೆದಷ್ಟೂ ಬರುತ್ತಲ್ಲ, ಆ ಅಂಟಿಗೆ ಗ್ಲೂಟೆನ್ ಅಂತೀವಿ. ಬಾರ್ಲಿಯಲ್ಲೂ ಅಂಥದ್ದೇ ಇದೆ. ಅದು ನಿಮ್ಮ ಮಗಳ ಮೈಗೆ ಒಗ್ಗಲ್ಲ. ಒಳಗೆ ಹೋದಾಗೆಲ್ಲ ಆ ಎಳೆಗಳು ಸವೆದು ಹೋಗ್ತಾವೆ. ಆಮೇಲೆ ಏನು ತಿನ್ನಿಸಿದ್ರೂ ಮೈಗೆ ಹತ್ತಲ್ಲ. ಇದಕ್ಕೆ ಸೀಲಿಯಾಕ್ ಕಾಯಿಲೆ ಅಂತ ಹೆಸರು. ಅಂಟುರೋಗ ಅಲ್ಲ, ಯಾರ ಶಾಪವೂ ಅಲ್ಲ."

"ಮಾತ್ರೆ ಎಷ್ಟು ದಿನ ಕೊಡಬೇಕು ಸಾರ್?" ಬೆನಕಪ್ಪ ಕೇಳಿದ.

"ರಕ್ತ ಹೆಚ್ಚೋಕೆ ಬರೆದುಕೊಡ್ತೀನಿ. ಆದ್ರೆ ಈ ಕಾಯಿಲೆಗೆ ಊಟವೇ ಔಷಧಿ. ಗೋಧಿ, ರವೆ, ಮೈದಾ, ಶ್ಯಾವಿಗೆ, ಬ್ರೆಡ್ಡು, ಬನ್ನು, ಬಿಸ್ಕತ್ತು, ಬಾರ್ಲಿ, ಒಂದೂ ಕೂಡದು. ಅಕ್ಕಿ, ರಾಗಿ, ಜೋಳ, ನವಣೆ, ಬೇಳೆಕಾಳು, ಸೊಪ್ಪು, ಬಾಳೆಹಣ್ಣು ಧಾರಾಳವಾಗಿ ಕೊಡಿ. ಹಾಲು ಕೆಲವು ವಾರ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪ. ಕರುಳು ಮಾಯೋಕೆ ತಿಂಗಳುಗಳೇ ಬೇಕು."

"ಮಾಯ್ದ ಮೇಲೆ ಗೋಧಿ ಕೊಡಬೌದಾ?"

"ಇಲ್ಲ. ಬದುಕಿರೋವರೆಗೂ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನಿರ್ಮಲಮ್ಮ ದಾರಿಯುದ್ದಕ್ಕೂ ಅತ್ತಳು. ಮಗಳು ಉಳಿಯುತ್ತಾಳೆಂಬ ಸಮಾಧಾನ ಅರ್ಧ. ಉಳಿದರ್ಧ, ಮೂರು ವರ್ಷ ತನ್ನ ಕೈಯಾರೆ ಬಾಯಿಗೆ ಇಟ್ಟದ್ದೇ ಮಗಳನ್ನು ಹಿಂಡಿತಲ್ಲ ಎಂಬ ಸಂಕಟ.

ಕಲ್ಲಮ್ಮ ಮಾತ್ರ ಒಪ್ಪಲಿಲ್ಲ. "ಲೋಕವೆಲ್ಲ ತಿನ್ನೋ ಗೋಧಿ ನನ್ನ ಮೊಮ್ಮಗಳಿಗೆ ಮಾತ್ರ ವಿಷವಾ? ಒಂದು ಚೂರು ಕೊಟ್ರೆ ಏನಾಗ್ತದೆ?" ಎಂದು ಮೂರು ಮನೆಗೆ ಕೇಳುವಂತೆ ಕೂಗಾಡಿದಳು. ಆದರೆ ಮಗ ಹಟಕ್ಕೆ ಬಿದ್ದ. ಡಬ್ಬಿಯಲ್ಲಿದ್ದುದನ್ನು ಎಮ್ಮೆಯ ಬಾನಿಗೆ ಸುರಿದ. ಮುದುಕಿ ಗೊಣಗುತ್ತಲೇ ರೊಟ್ಟಿ ತಟ್ಟಲು ಕೂತಳು.

ಮೊದಲ ಮೂರು ವಾರದಲ್ಲೇ ಭೇದಿ ನಿಂತಿತು. ಕೊಟ್ರಮ್ಮ ತಾನಾಗಿಯೇ ತಟ್ಟೆ ಹಿಡಿದುಕೊಂಡು ಬಂದು ಒಲೆಯ ಮುಂದೆ ಕೂತಳು. ನಿರ್ಮಲಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಯುಗಾದಿಯ ಹಿಂದಿನ ವಾರ ಎಲ್ಲ ಮತ್ತೆ ತಿರುಗಿಬಿತ್ತು. ಅದೇ ಹೊಟ್ಟೆ ಉಬ್ಬರ, ಅದೇ ಭೇದಿ. ನಿರ್ಮಲಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ನಿಜ ಹೇಳ್ರಿ. ಕದ್ದು ಬನ್ನು ಕೊಟ್ರಿ ಅಲ್ವಾ?"

ಅತ್ತೆಯನ್ನು ಸೊಸೆ ಹೀಗೆ ಕೇಳುವುದು ಆ ಮನೆಯಲ್ಲಿ ಎಂದೂ ಇರಲಿಲ್ಲ. ಕಲ್ಲಮ್ಮ ಕೂಗಾಡುತ್ತಾಳೆಂದು ಬೆನಕಪ್ಪ ಹೆದರಿದ್ದ. ಅವಳು ಕೂಗಾಡಲಿಲ್ಲ. ಕೊರಳಿನ ಲಿಂಗ ಮುಟ್ಟಿಕೊಂಡಳು. "ಕೊಡಬೇಕು ಅಂತ ನೂರು ಸಲ ಮನಸಾಗೈತೆ. ಮಗು ಬಾಯಿ ನೋಡಿದ್ರೆ ಕರುಳು ಕಿತ್ತು ಬರ್ತದೆ. ಆದ್ರೆ ಕೊಟ್ಟಿಲ್ಲ ಕಣವ್ವ," ಎಂದಳು. ಅಷ್ಟು ಹೇಳಿ, ಊಟಕ್ಕೂ ಏಳದೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಬೆಳಿಗ್ಗೆ ಎದ್ದವಳೇ ಮಗು ತಿಂದದ್ದನ್ನೆಲ್ಲ ಬೆರಳು ಮಡಚಿ ಎಣಿಸಿದಳು. ಅಕ್ಕಿ ಮನೆಯದು. ಬೇಳೆ ಮನೆಯದು. ಜೋಳವೂ ಮನೆಯದೇ, ಹಿಟ್ಟು ಮಾತ್ರ ಗಿರಣಿಯದು. ಎರಡು ಸೇರು ಜೋಳ ಹೊತ್ತು ಮಾರಪ್ಪನ ಗಿರಣಿಗೆ ನಡೆದಳು.

ಹಬ್ಬ ಮುಂದಿತ್ತು. ಊರಿನವರೆಲ್ಲ ಹೋಳಿಗೆಗೆ ಗೋಧಿ ತಂದು ಸಾಲು ಹಚ್ಚಿದ್ದರು. ಕಲ್ಲಮ್ಮ ಕಲ್ಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಸಾಲಿನಲ್ಲಿ ಮುಂದಿದ್ದ ದುರುಗಕ್ಕನ ಗೋಧಿ ಮುಗಿಯಿತು. ಅದರ ಬೆನ್ನಿಗೇ ಮಾರಪ್ಪ ಕಲ್ಲಮ್ಮನ ಜೋಳ ಸುರಿದ. ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಅಂಗೈಯಿಂದ ಪಟಪಟ ಬಡಿದ.

"ತಡಿಯೋ ಮಾರ! ಅವಳ ಗೋಧಿ ನನ್ನ ಹಿಟ್ಟಿಗೆ ಬಿತ್ತಲ್ಲೋ!"

"ಒಂದು ಹಿಡಿ ಅತ್ತಿತ್ತ ಆಗ್ತದೆ ಅಜ್ಜಿ. ಎಲ್ಲರದೂ ಹಂಗೇ. ಇಷ್ಟು ವರ್ಷ ಯಾರೂ ಕೇಳಿಲ್ಲ."

ಕಲ್ಲಮ್ಮ ಮೊದಲು ಬಿದ್ದ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದು, ಗಿರಣಿಯ ಕೊಡದ ನೀರಲ್ಲಿ ಕಲಸಿದಳು. ಎರಡು ಬೆರಳಲ್ಲಿ ಹಿಡಿದು ಎಳೆದಳು. ಬರೀ ಜೋಳವಾಗಿದ್ದರೆ ಪಟ್ಟನೆ ಮುರಿಯಬೇಕು. ಇದು ಮುರಿಯಲಿಲ್ಲ. ಅಂಟಂಟಾಗಿ ಒಂದಿಷ್ಟು ಎಳೆದುಕೊಂಡು ಬಂತು. ಐವತ್ತು ವರ್ಷ ರೊಟ್ಟಿ ತಟ್ಟಿದ ಕೈಗೆ ಇನ್ನು ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಕೊಟ್ಟಿಗೆಯ ಮೂಲೆಯಲ್ಲಿ ಮಣ್ಣು ಹಿಡಿದಿದ್ದ ಬೀಸುಕಲ್ಲನ್ನು ಎಳೆಸಿದಳು. ಮೂರು ಸಲ ತೊಳೆಸಿ ಬಿಸಿಲಿಗೆ ಇಡಿಸಿದಳು. ನಿರ್ಮಲಮ್ಮ ಬಂದು ಕಾಲು ಮುಟ್ಟಿದಳು. "ತಪ್ಪಾಯ್ತು ಅತ್ತೆ. ಸುಮ್ಮನೆ ನಿಮ್ಮ ಮೇಲೆ ಹೊರಿಸಿದೆ."

"ತಪ್ಪು ಒಪ್ಪು ಆಮೇಲೆ. ಎದುರಿಗೆ ಕೂತು ಗೂಟ ಹಿಡಿ. ನನ್ನ ಒಂದು ರಟ್ಟೆಗೆ ಆಗಲ್ಲ."

ಸುದ್ದಿ ಕೇಳಿ ಬಂದ ಅಂಜಿನಮ್ಮ, "ನಾವು ಹೇಳೋದು ಮರೆತಿದ್ವಿ, ನೀವೇ ಕಂಡುಹಿಡಿದ್ರಿ ಅಜ್ಜಿ," ಎಂದರು. ಮಗುವಿಗೆ ಬೇರೆ ಹಂಚು, ಬೇರೆ ಲಟ್ಟಣಿಗೆ ಇಡಲು ಹೇಳಿದರು. ಅಂಗಡಿಯ ಇಂಗಿಗೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ವಿಚಾರಿಸದೆ ತರಬೇಡಿ ಎಂದರು.

ದೀಪಾವಳಿಯ ಹೊತ್ತಿಗೆ ಹಸಿರು ಲಂಗ ಮೊಣಕಾಲು ಮುಟ್ಟಿತು. ನಿರ್ಮಲಮ್ಮ ಕೆಲಸವಿಲ್ಲದಿದ್ದರೂ ನಾಲ್ಕು ಮನೆಗೆ ಹೋಗಿ ಗೊಣಗಿ ಬಂದಳು. ಕೊಟ್ರಮ್ಮ ಮತ್ತೆ ಶಾಲೆಗೆ ಹೋದಳು.

ಆದರೆ ಆಸೆ ಹೋಗಲಿಲ್ಲ. ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಸುಳ್ಳಾಗುತ್ತದೆ. ಹಬ್ಬದ ದಿನ ಅಕ್ಕಪಕ್ಕದ ಮನೆಯ ಹೋಳಿಗೆಯ ಘಮಕ್ಕೆ ಹುಡುಗಿ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಕಲ್ಲಮ್ಮ ಅದೇ ಹೂರಣವನ್ನು ಅಕ್ಕಿ ಹಿಟ್ಟಿನಲ್ಲಿ ತುಂಬಿ ಕಡುಬು ಮಾಡಿಕೊಟ್ಟಳು. "ಚೆನ್ನಾಗೈತೆ ಅಜ್ಜಿ. ಆದ್ರೆ ಹೋಳಿಗೆ ಅಲ್ಲ," ಎಂದಳು ಕೊಟ್ರಮ್ಮ. "ದೊಡ್ಡೋಳಾದ ಮೇಲೆ ತಿನ್ನಬೌದಾ ಅವ್ವಾ?" ಎಂದು ಕೇಳಿದಳು. ಹೂಂ ಎಂದುಬಿಡೋಣ ಅನ್ನಿಸಿತು ನಿರ್ಮಲಮ್ಮನಿಗೆ. ಅನ್ನಲಿಲ್ಲ. "ಇಲ್ಲ ಮಗಾ," ಎಂದು ತಲೆ ಸವರಿದಳು.

ಮರುವರ್ಷ ಹೊನ್ನಾಳಿಯಲ್ಲಿ ಬೆನಕಪ್ಪನ ತಂಗಿ ಕಸ್ತೂರಮ್ಮನ ಹೊಸ ಮನೆಯ ಪ್ರವೇಶ. ಕೊಟ್ರಮ್ಮನ ಪಾಲಿನ ರೊಟ್ಟಿ, ಪಲ್ಯವನ್ನು ನಿರ್ಮಲಮ್ಮ ಗಂಟು ಕಟ್ಟಿಕೊಂಡೇ ಹೋಗಿದ್ದಳು. ಪಂಕ್ತಿಯಲ್ಲಿ ಬಿಸಿಬಿಸಿ ಗೋಧಿ ಹುಗ್ಗಿ ಬಂತು, ಮೇಲೆ ತುಪ್ಪ. ಕಸ್ತೂರಮ್ಮ ಸೌಟು ಹಿಡಿದು ಹುಡುಗಿಯ ಮುಂದೆ ಬಗ್ಗಿದಳು.

"ಒಂದೇ ಸೌಟು ಮಗಾ. ಶುಭದ ದಿನ. ಒಂದು ಸೌಟಿಗೆ ಏನಾಗ್ತದೆ?"

ನಿರ್ಮಲಮ್ಮ ಬಾಯಿ ತೆರೆಯುವ ಮೊದಲೇ ಕೊಟ್ರಮ್ಮ ಎಲೆಯ ಮೇಲೆ ಎರಡೂ ಕೈ ಅಗಲಿಸಿ ಇಟ್ಟಳು. ಅವಳ ಕಣ್ಣು ಮಾತ್ರ ಸೌಟಿನ ಮೇಲೆಯೇ ಇತ್ತು. "ನಂಗೆ ಭಾಳ ಆಸೆ ಐತೆ ಅತ್ತೆ. ಆದ್ರೂ ಬ್ಯಾಡ."

ಪಕ್ಕದ ಎಲೆಯಿಂದ ಕಲ್ಲಮ್ಮ ಕೈ ಚಾಚಿ ಮಗಳು ಕಸ್ತೂರಮ್ಮನ ಸೌಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ನೀನು ಪ್ರೀತಿಗೆ ಬಡಿಸ್ತೀಯ ಕಸ್ತೂರಿ, ನಂಗೆ ಗೊತ್ತು. ನಾನೂ ಮೂರು ವರ್ಷ ಪ್ರೀತಿಗೇ ಬಡಿಸ್ದೆ."

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಮನೆಯ ಗಂಡಸರೇ, ನಿಮಗೂ ಒಂದು ಮಾತು. ಭೇದಿಯೆಲ್ಲ ಈ ಕಾಯಿಲೆಯಲ್ಲ, ಎಲ್ಲರೂ ಗೋಧಿ ಬಿಡಬೇಕಾಗಿಯೂ ಇಲ್ಲ. ಆದರೆ ವಾರಗಟ್ಟಲೆ ಭೇದಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಕೈಕಾಲು ಸೊರಗಿದರೆ, ಮಗು ಬಿಳಿಚಿಕೊಂಡು ಬೆಳೆಯದೇ ಹೋದರೆ, ತಾಯತದ ಮೇಲೆ ಭಾರ ಹಾಕಿ ಕೂರಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆಗೆ ಮೊದಲು ನೀವಾಗಿಯೇ ಗೋಧಿ ನಿಲ್ಲಿಸಬೇಡಿ, ಕಾಯಿಲೆ ಪರೀಕ್ಷೆಗೆ ಸಿಗದೇ ಹೋಗಬಹುದು. ಗೋಧಿ ಬೇಡವೆಂದು ಡಾಕ್ಟರು ಹೇಳಿದ ಮೇಲೆ ಒಂದು ಚೂರೂ ಬೇಡ. ಗಿರಣಿಯ ಒಂದು ಹಿಡಿಯೂ ಬೇಡ. ಜೋಳ, ರಾಗಿ ಬಡವರ ಒರಟು ಊಟವೆಂದು ಮೂಗು ಮುರಿಯಬೇಡಿ, ಆ ಮಗುವನ್ನು ಎತ್ತಿ ನಿಲ್ಲಿಸಿದ್ದು ಅದೇ ಊಟ.

ನಿಮ್ಮ ಮನೆಯ ಪಂಕ್ತಿಯಲ್ಲೂ ಒಂದು ಮಗು ಎಲೆಗೆ ಕೈ ಅಡ್ಡ ಇಟ್ಟೀತು. ಆಸೆ ನಿಮಗಿಂತ ಅದಕ್ಕೇ ಹೆಚ್ಚು ಇರುತ್ತದೆ. ಬಲವಂತ ಮಾಡಬೇಡಿ. ಸೌಟು ಹಿಂದಕ್ಕೆ ತೆಗೆದುಕೊಳ್ಳಿ, ಅದು ಉಣ್ಣಬಹುದಾದ ಅನ್ನವನ್ನು ತಂದು ಮೊದಲು ಅದಕ್ಕೇ ಬಡಿಸಿ.